ಅಮ್ಮನ ಒಂದೂವರೆ ಜಿಬಿ

ಅಪ್ಪನ ಮಂಡಿ ಆಪರೇಷನ್ ಆದ ಮೇಲೆ, ಕಳೆದ ವರ್ಷ ಜೂನ್‌ನಲ್ಲಿ ಎರಡು ತಿಂಗಳ ಮಟ್ಟಿಗೆ ಊರಿಗೆ ಬಂದೆ. ಆಫೀಸಿನವರು ವರ್ಕ್ ಫ್ರಮ್ ಹೋಮ್‌ಗೆ ಒಪ್ಪಿದ್ದೇ ದೊಡ್ಡದು. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ, "ಅಲ್ಲಿ ನೆಟ್ ಚೆನ್ನಾಗಿದ್ಯಾ?" ನಾನು ಹಿಂದೆಮುಂದೆ ನೋಡದೆ "ಹ್ಞೂಂ, ಇದೆ" ಅಂದುಬಿಟ್ಟೆ.

ಇದ್ದದ್ದೇನು ಅಂದ್ರೆ, ತೀರ್ಥಹಳ್ಳಿಯಿಂದ ಸುಮಾರು ದೂರ, ತೋಟದ ಮಧ್ಯೆ ಒಂದು ಮನೆ. ಜಗಲಿಯ ಮೂಲೆಯಲ್ಲಿ ಎರಡು ಕಡ್ಡಿ ಸಿಗ್ನಲ್. ನನ್ನ ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಡೇಟಾ.

ಮೊದಲ ದಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ತೆಗೆದೆ. ಅದು ನನ್ನನ್ನೊಂದು ಮಾತೂ ಕೇಳದೆ ಅಪ್‌ಡೇಟ್ ಇಳಿಸಿಕೊಳ್ಳೋಕೆ ಶುರು ಮಾಡಿತ್ತು. ಬೆಳಗಿನ ಮೀಟಿಂಗ್ ಮುಗಿಯುವ ಮುಂಚೆಯೇ "ನಿಮ್ಮ ದಿನದ ಡೇಟಾ ಶೇ 100 ಬಳಕೆಯಾಗಿದೆ" ಅಂತ ಮೆಸೇಜ್ ಬಂತು. ಅದಾದ ಮೇಲೆ ಸಿಗೋದು 64 ಕೆಬಿಪಿಎಸ್. ಆ ವೇಗದಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತೆ, ಫೋಟೊ ತೆವಳುತ್ತೆ, ಮೀಟಿಂಗ್ ಅಂತೂ ಆಗೋ ಮಾತೇ ಅಲ್ಲ. 19 ರೂಪಾಯಿ ಕೊಟ್ಟು 1 ಜಿಬಿ ಬೂಸ್ಟರ್ ಹಾಕಿಸಿಕೊಂಡೆ. ಮಧ್ಯಾಹ್ನ ಇನ್ನೊಂದು. ಸಂಜೆ ಮತ್ತೊಂದು. ಒಂದು ವಾರ ಹೀಗೇ ನಡೀತು.

ಎಂಟನೇ ದಿನ ಅಮ್ಮನ ಮೊಬೈಲ್ ಕೇಳಿದೆ. "ನಿಂದು ಹೆಂಗೂ ಖರ್ಚಾಗಲ್ಲ, ಕೊಡಮ್ಮ."

ಅಮ್ಮ ಕೊಡೋಕೆ ಸ್ವಲ್ಪ ಅನುಮಾನಿಸಿದಳು. "ತಗೊ. ಆದ್ರೆ ಪೂರ್ತಿ ಮುಗಿಸ್ಬೇಡ, ರಾತ್ರಿಗೆ ಬೇಕು."

"ರಾತ್ರಿಗೆ ಏನಕ್ಕೆ?"

"ನೀನು ವಿಡಿಯೊ ಕಾಲ್ ಮಾಡ್ತೀಯಲ್ಲ..." ಅಂದವಳು, ನಾನು ಎದುರಿಗೇ ಕೂತಿದ್ದೀನಿ ಅನ್ನೋದು ಹೊಳೆದು ನಕ್ಕಳು.

ನನಗೆ ನಗು ಬರಲಿಲ್ಲ. ಕೆದಕಿ ಕೇಳಿದಾಗ ವಿಷಯ ಗೊತ್ತಾಯ್ತು. ನಾನು ಬೆಂಗಳೂರಿಗೆ ಹೋದಾಗಿನಿಂದ ಅಮ್ಮ ದಿನವಿಡೀ ಡೇಟಾ ಆಫ್ ಮಾಡಿ ಇಡ್ತಿದ್ದಳಂತೆ. ಒಂದು ಸಲ ಯಾವುದೋ ಅಡುಗೆ ವಿಡಿಯೊ ನೋಡಿ, ರಾತ್ರಿ ನನ್ನ ಕಾಲ್ ಮಧ್ಯದಲ್ಲೇ ನಿಂತುಹೋಗಿತ್ತಂತೆ. ಅವತ್ತಿನಿಂದ ರಾತ್ರಿ ಎಂಟೂವರೆಗೆ ಆನ್, ನನ್ನ ಜೊತೆ ಮಾತಾಡಿದ ಮೇಲೆ ಆಫ್. ಉಪ್ಪಿನಕಾಯಿ ಭರಣಿ ಕಾಪಾಡುವಷ್ಟೇ ಜೋಪಾನ. ಆದರೆ ಭರಣಿಯಲ್ಲಿ ಮಿಕ್ಕಿದ್ದು ನಾಳೆಗಾಗುತ್ತೆ. ದಿನದ ಡೇಟಾ ಹಾಗಲ್ಲ, ರಾತ್ರಿ ಹನ್ನೆರಡಕ್ಕೆ ಮಿಕ್ಕಿದ್ದೆಲ್ಲ ಹೋಯ್ತು. ಇದು ಅಮ್ಮನಿಗೆ ಗೊತ್ತೇ ಇರಲಿಲ್ಲ. ಫೋನಿನ ಸೆಟ್ಟಿಂಗ್ಸ್ ತೆಗೆದು ನೋಡಿದೆ. 28 ದಿನಕ್ಕೆ ಅವಳಿಗೆ ಬರೋದು 42 ಜಿಬಿ. ಬಳಸಿದ್ದು 6 ಜಿಬಿಯೂ ಇಲ್ಲ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. "ಇವತ್ತು ಸುಸ್ತಮ್ಮ, ನಾಳೆ ಮಾಡ್ತೀನಿ" ಅಂತ ಎಷ್ಟು ರಾತ್ರಿ ಮೆಸೇಜ್ ಹಾಕಿಲ್ಲ ನಾನು! ಆ ದಿನಗಳಲ್ಲೂ ಅಮ್ಮ ಡೇಟಾ ಉಳಿಸಿಕೊಂಡು ಕಾದಿದ್ದಳು.

ನಮ್ಮ ವಯಸ್ಸಿನವರು ಡೇಟಾ ದುಬಾರಿ ಇದ್ದ ಕಾಲವನ್ನೂ ನೋಡಿದ್ದೀವಿ. ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗ್ತಿದ್ದಾಗ 1 ಜಿಬಿಗೆ 250 ರೂಪಾಯಿ ಆಸುಪಾಸು ಕೊಟ್ಟು ತಿಂಗಳಿಡೀ ಎಳೀತಿದ್ವಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು, ತಿಂಗಳುಗಟ್ಟಲೆ ಪುಕ್ಕಟೆ ಕೊಟ್ಟ ಮೇಲೆ ಆ ಲೆಕ್ಕ ಮರೆತೇಹೋಯ್ತು. ಅಮ್ಮನಂಥವರಿಗೆ ಮಾತ್ರ ಹಳೇ ಭಯ ಹೋಗಲಿಲ್ಲ. 2024ರ ಜುಲೈನಲ್ಲಿ ಕಂಪನಿಗಳು ದರ ಏರಿಸಿ, 239 ಇದ್ದ ಪ್ಲಾನ್ 299 ಆದಾಗ ಅದು ಇನ್ನೂ ಗಟ್ಟಿಯಾಯ್ತು.

ಆ ವಾರವೇ ಪೇಟೆಯ ಕೇಬಲ್ ಟಿವಿಯವರಿಗೆ ಫೋನ್ ಮಾಡಿದೆ. ಫೈಬರ್ ನಮ್ಮ ಊರಿನ ಶಾಲೆ ತನಕ ಬಂದಿದೆ, ಅಲ್ಲಿಂದ ಮನೆಗೆ ಎಳೀಬಹುದು ಅಂದರು. ಮಳೆಯಲ್ಲೇ ಇಬ್ಬರು ಹುಡುಗರು ಬಂದು, ಅಡಿಕೆ ಮರದಿಂದ ಮರಕ್ಕೆ ಕಪ್ಪು ತಂತಿ ಕಟ್ಟಿಕೊಂಡು ಜಗಲಿಗೆ ತಂದರು. ಅಪ್ಪನ ಚಿಂತೆ ಸಿಡಿಲಿನದು. ಹಿಂದೆ ಮಳೆಗಾಲದಲ್ಲಿ ಲ್ಯಾಂಡ್‌ಲೈನ್ ಫೋನ್ ಸುಟ್ಟುಹೋಗಿತ್ತಲ್ಲ. "ಇದ್ರೊಳಗೆ ಇರೋದು ಗಾಜಿನ ಎಳೆ ಸಾರ್, ಬೆಳಕು ಹೋಗುತ್ತೆ, ಕರೆಂಟ್ ಹೋಗಲ್ಲ. ಆದ್ರೆ ಗುಡುಗು ಬಂದ್ರೆ ರೌಟರ್ ಪ್ಲಗ್ ಮಾತ್ರ ಕೀಳಿ" ಅಂತ ಹುಡುಗ ಬಿಡಿಸಿ ಹೇಳಿದ.

ಅವರು ಹೋದ ಮೇಲೆ ಅಮ್ಮ ಕಾಫಿ ಲೋಟ ಎತ್ತಿಡುತ್ತಾ ಮೆಲ್ಲಗೆ ಕೇಳಿದಳು, "ಹಂಗಾದ್ರೆ ಇನ್ನು ಇಲ್ಲೇ ಇರ್ತೀಯಾ?"

"ನೋಡೋಣಮ್ಮ" ಅಂದೆ. ಮ್ಯಾನೇಜರ್‌ಗೆ "ಇದೆ" ಅಂದಷ್ಟೇ ಸುಲಭವಾಗಿ.

ಆಗಸ್ಟ್‌ನಲ್ಲಿ ಆಫೀಸಿನಿಂದ ವಾಪಸ್ ಬನ್ನಿ ಅಂತ ಮೇಲ್ ಬಂತು. ಅಪ್ಪ ಕೋಲು ಹಿಡಿದು ತೋಟದ ತನಕ ನಡೀತಿದ್ದರು. ಹೊರಡುವ ಹಿಂದಿನ ರಾತ್ರಿ ಅವರೇ ವಿಷಯ ತೆಗೆದರು, "ನೀನು ಹೋದ್ಮೇಲೆ ಈ ಕನೆಕ್ಷನ್ ಯಾಕೆ? ತೆಗೆಸಿಬಿಡು. ದಂಡ."

ಲೆಕ್ಕ ಹಾಕೋಣ ಅಂತ ಹಳೇ ಕ್ಯಾಲೆಂಡರಿನ ಹಿಂದೆ ಬರೆದೆ. ಮೊಬೈಲ್ ಪ್ಲಾನ್ 299, ಆದರೆ ಅದು ತಿಂಗಳಿಗಲ್ಲ, 28 ದಿನಕ್ಕೆ. ಅಂದ್ರೆ ವರ್ಷಕ್ಕೆ 13 ಸಲ ರೀಚಾರ್ಜ್, ಒಂದು ಫೋನಿಗೆ 3,887 ರೂಪಾಯಿ. ಫೈಬರ್‌ಗೆ ಜಾಹೀರಾತಿನಲ್ಲಿ 399. ಮೊಬೈಲ್ ದರದಲ್ಲಿ ಜಿಎಸ್‌ಟಿ ಸೇರಿರುತ್ತೆ, ಇದರಲ್ಲಿ ಶೇ 18 ಬೇರೆ. ಕೈಯಿಂದ ಹೋಗೋದು 471, ವರ್ಷಕ್ಕೆ 5,650ರ ಹತ್ತಿರ. "ಅನ್‌ಲಿಮಿಟೆಡ್" ಅಂತ ಬರೆದಿದ್ದರೂ ತಿಂಗಳಿಗೆ 3,300 ಜಿಬಿ ಮಿತಿ ಇದೆ. 42 ಜಿಬಿಯಲ್ಲಿ 6 ಬಳಸಿದವಳಿಗೆ ಅದೊಂದು ಸಮುದ್ರ.

ಮನೆಯಲ್ಲಿ ವೈಫೈ ಇದ್ದರೆ ಫೋನಿಗೆ ಡೇಟಾ ಪ್ಲಾನ್ ಬೇಕಿಲ್ಲ. ಟ್ರಾಯ್ ಹೇಳಿದ ಮೇಲೆ 2025ರ ಜನವರಿಯಿಂದ ಬರೀ ಕರೆ ಮತ್ತು ಎಸ್ಎಂಎಸ್ ಪ್ಲಾನ್‌ಗಳು ಬಂದಿವೆ. ವರ್ಷಕ್ಕೆ 1,800 ರೂಪಾಯಿ ಆಸುಪಾಸು. ಈಗ ಕೂಡಿಸಿ ನೋಡಿ. ಇಬ್ಬರ ಫೋನು, ಫೈಬರ್ ಸೇರಿ 9,250. ಫೈಬರ್ ಇಲ್ಲದೆ, ಡೇಟಾ ಪ್ಲಾನ್ ಹಾಕಿಸಿದರೆ 7,774. ಮೂವರಾದರೆ ಮಾತ್ರ ಲೆಕ್ಕ ತಿರುಗುತ್ತೆ: ಫೈಬರ್ ಜೊತೆ 11,050, ಡೇಟಾ ಪ್ಲಾನ್‌ಗಳಲ್ಲಿ 11,661.

ಮನೆಯಲ್ಲಿ ಮೂವರಿದ್ದರೆ ಫೈಬರ್ ಅಗ್ಗ, ಇಬ್ಬರೇ ಆದರೆ ಮೊಬೈಲ್ ಅಗ್ಗ. ಆ ಮೂರನೆಯವಳು ನಾನು.

ಕ್ಯಾಲೆಂಡರನ್ನು ಅಮ್ಮನಿಗೆ ತೋರಿಸಲಿಲ್ಲ. ತೋರಿಸಿದ್ದರೆ ಅಪ್ಪನ ಮಾತಿಗೇ ತಲೆಯಾಡಿಸ್ತಿದ್ದಳು. "ಇರಲಿ ಅಪ್ಪ, ಹೆಚ್ಚಾಗೋದು ವರ್ಷಕ್ಕೆ ಸಾವಿರದ ಐನೂರು, ನಾನು ಕಟ್ತೀನಿ" ಅಂದೆ. ಬೆಂಗಳೂರಲ್ಲಿ ಒಂದು ಶನಿವಾರದ ಊಟಕ್ಕೆ ಅಷ್ಟು ಖರ್ಚು ಮಾಡಿದ್ದೀನಿ. ಬಸ್ಸು ಹತ್ತುವ ಮುಂಚೆ ಅಮ್ಮನಿಗೆ ಒಂದೇ ಮಾತು ಹೇಳಿದೆ, "ವೈಫೈ ಆಫ್ ಮಾಡ್ಬೇಡ. ಇದು ಮುಗಿಯಲ್ಲ."

"ಇಲ್ಲೇ ಇರ್ತೀಯಾ" ಅನ್ನೋ ಪ್ರಶ್ನೆಗೆ ಮಾತ್ರ ನಾನು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಅವಳೂ ಮತ್ತೆ ಕೇಳಿಲ್ಲ. ತಿಂಗಳಿಗೆ 471 ಕಟ್ಟಿದರೆ ಮಗಳು ಮನೆಯಲ್ಲಿದ್ದ ಹಾಗಾಗಲ್ಲ ಅನ್ನೋದು ನಮ್ಮಿಬ್ಬರಿಗೂ ಗೊತ್ತು.

ಮೊನ್ನೆ ರಾತ್ರಿ ಎಂಟೂವರೆಗೆ ವಿಡಿಯೊ ಕಾಲ್ ಮಾಡಿದೆ. ಎತ್ತಲಿಲ್ಲ. ಗಾಬರಿಯಾಗಿ ಅಪ್ಪನಿಗೆ ಮಾಡಿದೆ. ಹಿಂದಿನಿಂದ ಚಂಡೆ ಸದ್ದು, ನಡುವೆ ಅಮ್ಮನ ದನಿ:

"ಯಕ್ಷಗಾನ ನೋಡ್ತಿದೀನಿ ಕಣೇ, ಒಳ್ಳೆ ಪ್ರಸಂಗ. ಅರ್ಧ ಗಂಟೆ ಬಿಟ್ಟು ಮಾಡು."

ನಾನು ಕಾದೆ.