ಎಷ್ಟು ದಿನ ಇರುತ್ತೀರಿ?

ಪರದೇಶಕ್ಕೆ ಹೊರಟವರಿಗೆ ಮನೆಯವರು ಕಟ್ಟಿಕೊಡುವುದು ಉಪ್ಪಿನಕಾಯಿ, ಚಟ್ನಿಪುಡಿ, ಕುಕ್ಕರು ಮತ್ತು ದೇವರ ಫೋಟೊ. ಅಲ್ಲಿ ಇಳಿದ ಮೇಲೆ ಇವುಗಳಲ್ಲಿ ಯಾವುದನ್ನೂ ಯಾರೂ ಕೇಳುವುದಿಲ್ಲ. ಕೇಳುವುದು ಒಂದೇ: ನಿಮ್ಮ ಫೋನ್ ನಂಬರು? ಬಾಡಿಗೆ ಮನೆಯ ದಲ್ಲಾಳಿ, ಗ್ಯಾಸಿನವನು, ಮಗುವಿನ ಶಾಲೆ, ಬ್ಯಾಂಕು ಎಲ್ಲರಿಗೂ ಅದೇ ಬೇಕು. ಊರಿನಲ್ಲಿ ‘ಯಾರ ಪೈಕಿ?’ ಎಂದು ಕೇಳಿ ಮನುಷ್ಯನನ್ನು ಗುರುತಿಸುವ ಹಾಗೆ, ಅಲ್ಲಿ ನಂಬರು ಕೇಳಿ ಗುರುತಿಸುತ್ತಾರೆ.

ತೀರ್ಥಹಳ್ಳಿ ಕಡೆಯ ಎಂಜಿನಿಯರೊಬ್ಬ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳ ಜೊತೆ ಟೋಕಿಯೊಗೆ ಹೋದದ್ದು 2023ರ ಏಪ್ರಿಲ್‌ನಲ್ಲಿ. ಮನೆ ಸಿಕ್ಕಿದ್ದು ಎದೊಗಾವಾ ವಾರ್ಡಿನ ನಿಶಿ ಕಸಾಯ್‌ನಲ್ಲಿ. 2000ದ ಆಸುಪಾಸಿನಿಂದ ನಮ್ಮ ದೇಶದ ಸಾಫ್ಟ್‌ವೇರ್ ಮಂದಿ ಹೋಗಿ ನೆಲೆಸಿರುವ ಬಡಾವಣೆ ಅದು. ತೊಗರಿಬೇಳೆಗೆ, ಮೆಂತ್ಯಕ್ಕೆ ತೊಂದರೆಯಿಲ್ಲ. ವಿಮಾನ ನಿಲ್ದಾಣದಲ್ಲೇ ಮೂವರಿಗೂ ನಿವಾಸಿ ಕಾರ್ಡು ಕೊಟ್ಟರು. ಮನೆ ಸೇರಿದ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ಕಾರ್ಡಿನ ಹಿಂಬದಿಗೆ ವಿಳಾಸ ಮುದ್ರಿಸಿಕೊಂಡದ್ದೂ ಆಯಿತು. ಇಲ್ಲಿಯವರೆಗೆ ಎಲ್ಲ ಗಡಿಯಾರದ ಹಾಗೆ ನಡೆಯಿತು.

ಆಮೇಲೆ ಶುರುವಾದದ್ದು ಸಿಮ್ಮಿನ ಕಥೆ. ಬ್ಯಾಂಕಿನ ಅರ್ಜಿಯಲ್ಲಿ ಜಪಾನಿನ ಫೋನ್ ನಂಬರು ಬರೆಯಬೇಕು. ಫೋನ್ ಕಂಪನಿಯ ಅರ್ಜಿಯಲ್ಲಿ ಜಪಾನಿನ ಬ್ಯಾಂಕಿನ ಖಾತೆಯನ್ನೋ ಕ್ರೆಡಿಟ್ ಕಾರ್ಡನ್ನೋ ತೋರಿಸಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಮಲೆನಾಡಿನಲ್ಲಿ ಹುಟ್ಟಿತೋ ಟೋಕಿಯೊದಲ್ಲಿ ಹುಟ್ಟಿತೋ ಎಂದು ಅನುಮಾನ ಬರುವಂತಿತ್ತು. ಗಂಡನ ಮಟ್ಟಿಗೆ ಆಫೀಸಿನವರು ಒಂದು ಫೋನು ಕೊಟ್ಟರು, ಆ ನಂಬರು ಬರೆದು ಖಾತೆ ತೆರೆದದ್ದಾಯಿತು. ಹೀಗಾಗಿ ಅವನಿಗೆ ಅವಸರವಿರಲಿಲ್ಲ. ಅವಸರ ಇಲ್ಲದವನು ಏನು ಮಾಡುತ್ತಾನೆ? ಲೆಕ್ಕ ಹಾಕುತ್ತಾನೆ.

ರಾತ್ರಿ ಊಟವಾದ ಮೇಲೆ ಅವನು ನೋಟ್‌ಬುಕ್ ತೆರೆದು ಗೆರೆ ಎಳೆದು ಕೂರುತ್ತಿದ್ದ. ಡೊಕೊಮೊ, ಎಯು, ಸಾಫ್ಟ್‌ಬ್ಯಾಂಕ್ ಎಂಬ ಮೂರು ಹಳೆಯ ದೊಡ್ಡ ಕಂಪನಿಗಳು. 2020ರ ಏಪ್ರಿಲ್‌ನಲ್ಲಿ ನಾಲ್ಕನೆಯದಾಗಿ ಸ್ವಂತ ಜಾಲ ಹಾಕಿಕೊಂಡು ಬಂದ ರಕುಟೆನ್. ಈ ದೊಡ್ಡವರ ಜಾಲವನ್ನೇ ಬಾಡಿಗೆಗೆ ಪಡೆದು ಅಗ್ಗಕ್ಕೆ ಮಾರುವ ಹತ್ತಾರು ಸಣ್ಣ ಕಂಪನಿಗಳು. ಇವುಗಳಲ್ಲಿ ಡೊಕೊಮೊ ಮಾತ್ರ ನಮ್ಮವರಿಗೆ ಪರಿಚಿತ ಹೆಸರು. 2009ರಲ್ಲಿ ಟಾಟಾದವರ ಜೊತೆ ಸೇರಿ ಸೆಕೆಂಡಿಗೆ ಒಂದು ಪೈಸೆಯ ಲೆಕ್ಕವನ್ನು ಹಳ್ಳಿ ಹಳ್ಳಿಗೂ ಮುಟ್ಟಿಸಿದ ಹೆಸರದು. ಜಪಾನೀ ಮಾತಿನಲ್ಲಿ ‘ದೊಕೊಮೊ’ ಎಂದರೆ ‘ಎಲ್ಲೆಲ್ಲೂ’ ಎಂದರ್ಥವಂತೆ. ನಮ್ಮಲ್ಲಿ ಆ ಹೆಸರಿನ ಸಿಮ್ಮು ಈಗ ಎಲ್ಲೂ ಇಲ್ಲ.

ಈ ಲೆಕ್ಕದ ಹಿಂದೆ ದೊಡ್ಡ ಇತಿಹಾಸವೇ ಇದೆ. ಜಪಾನಿನಲ್ಲಿ ಬಹಳ ವರ್ಷ ‘ಎರಡು ವರ್ಷದ ಕಟ್ಟು’ ಎಂಬ ಪದ್ಧತಿಯಿತ್ತು. ಒಮ್ಮೆ ಸಹಿ ಹಾಕಿದರೆ ಎರಡು ವರ್ಷ ಅದೇ ಕಂಪನಿ. ನಡುವೆ ಬಿಟ್ಟರೆ 9,500 ಯೆನ್ ದಂಡ. ಎರಡು ವರ್ಷ ಮುಗಿದಾಗ ಸಿಗುವ ಚಿಕ್ಕ ಗಡುವಿನಲ್ಲಿ ಬಿಡಲು ಮರೆತರೆ ಮತ್ತೆ ಎರಡು ವರ್ಷ ತಾನಾಗಿಯೇ ಬಿಗಿದುಕೊಳ್ಳುತ್ತಿತ್ತು. ಸಹಿ ಹಾಕಿದ ಕಾಗದ ಓದಲು ಬಾರದ ವಿದೇಶಿಯರು ಇದರಲ್ಲಿ ಎಷ್ಟು ಸಿಕ್ಕಿಬಿದ್ದಿದ್ದಾರೋ. 2018ರಲ್ಲಿ, ಆಗ ಸಂಪುಟದ ಮುಖ್ಯ ಕಾರ್ಯದರ್ಶಿಯಾಗಿದ್ದ ಯೊಶಿಹಿದೆ ಸುಗಾ, ಮೊಬೈಲ್ ದರವನ್ನು ಶೇಕಡಾ 40ರಷ್ಟು ಇಳಿಸಲು ಸಾಧ್ಯವಿದೆ ಎಂದು ಬಹಿರಂಗವಾಗಿ ಹೇಳಿದರು. 2019ರ ಅಕ್ಟೋಬರ್‌ನಿಂದ ದಂಡಕ್ಕೆ 1,000 ಯೆನ್‌ನ ಮಿತಿ ಬಂತು. ಸುಗಾ ಪ್ರಧಾನಿಯಾದ ಮೇಲೆ, 2021ರ ಮಾರ್ಚ್‌ನಲ್ಲಿ, ದೊಡ್ಡ ಕಂಪನಿಗಳೇ ಅಗ್ಗದ ಯೋಜನೆಗಳನ್ನು ಹೊರತಂದವು. ಡೊಕೊಮೊದವರ ಅಹಾಮೊ ತೆರಿಗೆ ಸೇರಿ 2,970 ಯೆನ್‌ಗೆ 20 ಜಿಬಿ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಿಂದ ಫೋನುಗಳಿಗೆ ಸಿಮ್ ಬೀಗ ಹಾಕುವುದಕ್ಕೂ ತಡೆ ಬಿತ್ತು. ಹೊಸಬರಿಗೆ ಇದೆಲ್ಲ ಅನುಕೂಲವೇ. ಆದರೆ ಅಗ್ಗದ ಯೋಜನೆಗಳನ್ನು ಕೊಳ್ಳುವುದು ಅಂಗಡಿಯಲ್ಲಲ್ಲ, ಅಂತರ್ಜಾಲದಲ್ಲಿ, ಜಪಾನೀ ಭಾಷೆಯಲ್ಲಿ. ತೊಡಕು ಬಂದದ್ದು ಅಲ್ಲಿಯೇ.

ಮೊದಲ ತೊಡಕು ಹೆಸರು. ನಮ್ಮ ಕಡೆಯವರ ಹೆಸರು ಊರು, ಅಪ್ಪ, ತಾನು ಹೀಗೆ ಮೂರು ತಲೆಮಾರು ಹೊತ್ತು ನಡೆಯುವ ಮೆರವಣಿಗೆ. ಪಾಸ್‌ಪೋರ್ಟ್ ಮಾಡಿಸುವಾಗ ಅಷ್ಟನ್ನೂ ಬಿಡಿಸಿ ಒಂದೇ ಖಾನೆಗೆ ತುಂಬಿ, ಮನೆತನದ ಹೆಸರಿನ ಖಾನೆ ಖಾಲಿ ಬಿಟ್ಟವರು ಎಷ್ಟೋ ಮಂದಿ. ಇವನೂ ಅವರಲ್ಲೊಬ್ಬ. ಜಪಾನಿನ ಅರ್ಜಿಯಲ್ಲಿ ಎರಡು ಖಾನೆ ಇರುತ್ತದೆ, ಎರಡೂ ತುಂಬಲೇಬೇಕು. ಜೊತೆಗೆ ಅವರ ಕತಕಾನಾ ಲಿಪಿಯಲ್ಲಿ ಉಚ್ಚಾರವನ್ನೂ ಬರೆಯಬೇಕು. ಆ ಲಿಪಿಯಲ್ಲಿ ಒತ್ತಕ್ಷರವಿಲ್ಲ, ಲ ಮತ್ತು ರ ಬೇರೆ ಬೇರೆಯಲ್ಲ. ಅವನ ಹೆಸರಿನ ನಡುವೆ ಕೂತಿದ್ದ ಕೃಷ್ಣಮೂರ್ತಿ ‘ಕುರಿಶುನಾ ಮುರುತಿ’ ಆಗಿ ಹೊರಬಂದ. ಹೆಂಡತಿ ಅಂದು ನಕ್ಕ ನಗು ಇನ್ನೂ ನಿಂತಿಲ್ಲ. ಆದರೆ ಬ್ಯಾಂಕಿನಲ್ಲಿ ಒಂದು ರೀತಿ, ಅರ್ಜಿಯಲ್ಲಿ ಒಂದು ರೀತಿ, ಕಾರ್ಡಿನಲ್ಲಿ ರೋಮನ್ ಅಕ್ಷರದಲ್ಲಿ ಮತ್ತೊಂದು ರೀತಿ ಇದ್ದರೆ ಕಂಪ್ಯೂಟರು ಮೂವರನ್ನು ಕಾಣುತ್ತದೆ, ಒಬ್ಬನನ್ನಲ್ಲ. ಒಂದು ಕಂಪನಿ ಅವನ ಅರ್ಜಿಯನ್ನು ಮೂರು ಸಲ ಹಿಂದೆ ಕಳಿಸಿತು. ಪ್ರತಿ ಸಲವೂ ಬಹಳ ವಿನಯದಿಂದ.

ಎರಡನೆಯ ತೊಡಕು ಇನ್ನೂ ಆಳದ್ದು. ಕಂತಿನಲ್ಲಿ ಫೋನ್ ಕೊಳ್ಳೋಣವೆಂದು ಹೋದರೆ, ನಿವಾಸಿ ಕಾರ್ಡಿನ ಅವಧಿ ಎಷ್ಟಿದೆ ಎಂದು ನೋಡುತ್ತಾರೆ. ಅವನಿಗೆ ಸಿಕ್ಕಿದ್ದು ಒಂದು ವರ್ಷದ ವೀಸಾ. ಕಂತು ಎರಡು ವರ್ಷದ್ದು. ಹಾಗಾದರೆ ಪೂರ್ತಿ ಹಣ ಈಗಲೇ ಕೊಡಿ ಎನ್ನುತ್ತಾರೆ. ಅವರ ದೃಷ್ಟಿಯಿಂದ ಅದು ನ್ಯಾಯವೇ ಸರಿ. ಆದರೆ ಸಿಮ್ಮು ಮಾರುವ ಹುಡುಗ ಕೇಳಿದ ‘ಎಷ್ಟು ದಿನ ಇರುತ್ತೀರಿ?’ ಎಂಬ ಪ್ರಶ್ನೆ ಗಂಡ ಹೆಂಡಿರು ತಮ್ಮೊಳಗೆ ಅಲ್ಲಿಯವರೆಗೆ ಎತ್ತದೆ ಇದ್ದ ಪ್ರಶ್ನೆಯಾಗಿತ್ತು. ಎರಡು ವರ್ಷ, ಹೆಚ್ಚೆಂದರೆ ಮೂರು, ಆಮೇಲೆ ತೋಟ ಇದೆ, ಅಮ್ಮ ಇದ್ದಾಳೆ ಎಂದು ಅವನು ಒಳಗೊಳಗೇ ಎಣಿಸಿದ್ದ. ಅವಳು ಮಗಳು ಶಾಲೆಗೆ ಹತ್ತುವುದನ್ನೂ ತಾನು ಭಾಷೆ ಕಲಿತು ಕೆಲಸ ಹುಡುಕುವುದನ್ನೂ ಎಣಿಸಿದ್ದಳು. ಬಿಟ್ಟು ಹೋಗುವವನಿಗೆ ಅಗ್ಗದ ಸಿಮ್ಮು ಸಾಕು. ಇರುವವಳಿಗೆ ಅದು ಸಾಲದು.

ಅವನ ನೋಟ್‌ಬುಕ್ಕಿನ ಪ್ರಕಾರ ಹೆಂಡತಿಗೆ ಡೇಟಾ ಮಾತ್ರದ ಸಿಮ್ಮು ತಕ್ಕದ್ದು. ಬೆಲೆ ಕಡಿಮೆ, ದಾಖಲೆಯ ಕಾಟವೂ ಅಷ್ಟಿಲ್ಲ. ಊರಿಗೆ ಮಾತಾಡಲು ವಾಟ್ಸಾಪ್ ಇದೆಯಲ್ಲ! ಅಲ್ಲಿಯವರೆಗೆ ಮನೆಯಲ್ಲಿ ಬಾಡಿಗೆಯ ಪಾಕೆಟ್ ವೈಫೈ ಒಂದು ಇತ್ತು.

“ರೀ, ಇದರಲ್ಲಿ ಆಂಬುಲೆನ್ಸ್ ಕರೆಯೋಕಾಗುತ್ತಾ?” ಎಂದು ಅವಳು ಕೇಳಿದಳು.

ಆಗುವುದಿಲ್ಲ. ಅಲ್ಲಿ ಪೊಲೀಸರಿಗೆ 110, ಬೆಂಕಿಗೂ ಆಂಬುಲೆನ್ಸಿಗೂ 119. ಡೇಟಾ ಮಾತ್ರದ ಸಿಮ್ಮಿನಿಂದ ಈ ಎರಡಕ್ಕೂ ಕರೆ ಹೋಗುವುದಿಲ್ಲ. ಅವನು ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಖಾನೆ ಎಳೆದಿರಲಿಲ್ಲ. ಆದರೂ ಮಾತು ಅಲ್ಲಿಗೇ ನಿಂತು, ಇನ್ನೊಂದು ವಾರ ನೋಡೋಣ ಎಂದಾಯಿತು.

ಆ ವಾರದಲ್ಲಿ ಮಗುವಿಗೆ ಜ್ವರ ಬಂತು. ಜಪಾನಿನ ಶಿಶುವಿಹಾರಗಳಲ್ಲಿ ಸಾಮಾನ್ಯವಾಗಿ ಮೈಬಿಸಿ 37.5 ಡಿಗ್ರಿ ದಾಟಿತೆಂದರೆ ತಾಯಿ ತಂದೆಗೆ ಫೋನ್ ಮಾಡಿ ಬಂದು ಕರೆದೊಯ್ಯಿರಿ ಎನ್ನುತ್ತಾರೆ. ಅದು ನಮ್ಮ ಲೆಕ್ಕದಲ್ಲಿ 99.5, ಊರಿನಲ್ಲಾದರೆ ಅಜ್ಜಿ ಹಣೆ ಮುಟ್ಟಿ ನೋಡಿ ಒಂದು ಲೋಟ ಕಷಾಯ ಕೊಟ್ಟು ಆಟಕ್ಕೆ ಬಿಡುವ ಜ್ವರ. ಫಾರಂನಲ್ಲಿ ಇದ್ದದ್ದು ಗಂಡನ ಆಫೀಸಿನ ನಂಬರು. ಅವನು ಮೀಟಿಂಗಿನಲ್ಲಿದ್ದ, ಫೋನ್ ಮೇಜಿನ ಮೇಲಿತ್ತು. ಹೊರಬಂದು ನೋಡಿದಾಗ ಆರು ಕರೆ ತಪ್ಪಿದ್ದವು. ಅವನು ಓಡಿ ತೋಜಾಯ್ ಮಾರ್ಗದ ರೈಲು ಹತ್ತಿದ. ಹೆಂಡತಿಗೆ ವಾಟ್ಸಾಪ್ ಕಳಿಸಿದ. ಅವಳು ಆಗ ವೈಫೈ ಡಬ್ಬಿ ಮನೆಯಲ್ಲೇ ಬಿಟ್ಟು ತರಕಾರಿ ತರಲು ಹೋಗಿದ್ದಳು. ಶಿಶುವಿಹಾರ ಅವಳ ಮನೆಯಿಂದ ನಡೆದರೆ ಹತ್ತು ನಿಮಿಷ. ಮಗು ಎರಡು ಗಂಟೆ ಒಂದು ಮೂಲೆಯ ಹಾಸಿಗೆಯಲ್ಲಿ, ಭಾಷೆ ಬಾರದ ಊರಿನಲ್ಲಿ, ಅಮ್ಮ ಯಾಕೆ ಬರಲಿಲ್ಲ ಎಂದು ಕಾದಿತ್ತು. ಯಾರೂ ಏನೂ ಅನ್ನಲಿಲ್ಲ. ಶಿಕ್ಷಕಿ ಬಗ್ಗಿ ವಂದಿಸಿದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮೇ ತಿಂಗಳ ಒಂದು ನಸುಕಿನಲ್ಲಿ ಭೂಮಿಯೂ ಸ್ವಲ್ಪ ನಡುಗಿತು. ಗೋಡೆಯಾಚೆ ಪಕ್ಕದ ಮನೆಯವರ ಫೋನು ಮೊದಲೇ ಕಿರುಚಿ ಎಚ್ಚರಿಸಿದ್ದು ಕೇಳಿಸಿತು. ಇವಳದು ತೆಪ್ಪಗಿತ್ತು. ಆ ಎಚ್ಚರಿಕೆ ಬರುವುದು ಮೊಬೈಲ್ ಜಾಲದ ಮೂಲಕ. ರೋಮಿಂಗ್ ಖರ್ಚಿಗೆ ಹೆದರಿ ಇಂಡಿಯಾದ ಸಿಮ್ಮನ್ನು ಆಫ್ ಮಾಡಿಟ್ಟು ವೈಫೈ ನಂಬಿದವರಿಗೆ ಅದು ತಲುಪುವುದಿಲ್ಲ.

ಮರುದಿನ ಅವಳೊಬ್ಬಳೇ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದಕ್ಕೆ ಹೋದಳು. ಗಂಡನ ಹೆಸರಿನಲ್ಲಿ ಎರಡನೆಯ ಸಿಮ್ಮು ತೆಗೆಯುವುದು ಸುಲಭ ಎಂದು ಎಲ್ಲರೂ ಹೇಳಿದ್ದರು. ಅವಳು ಒಪ್ಪಲಿಲ್ಲ. ತನ್ನ ಹೆಸರಿನ ನಂಬರಿಲ್ಲದಿದ್ದರೆ ನಾಳೆ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಆಫೀಸಿನ ನಂಬರನ್ನೇ ಬರೆಯಬೇಕಲ್ಲ. ಅಷ್ಟರಲ್ಲಿ ಅಂಚೆ ಬ್ಯಾಂಕಿನಲ್ಲಿ ತನ್ನದೊಂದು ಖಾತೆ ಮಾಡಿಸಿ, ಅಲ್ಲಿ ಬರೆದ ಕತಕಾನಾ ಹೆಸರನ್ನು ಒಂದು ಚೀಟಿಯಲ್ಲಿ ಅಕ್ಷರ ಬಿಡದೆ ನಕಲು ಮಾಡಿಟ್ಟುಕೊಂಡಿದ್ದಳು. ಅಂಗಡಿಯಲ್ಲಿ ಹಿಡಿದದ್ದು ಸುಮಾರು ಮೂರು ಗಂಟೆ. ಒಪ್ಪಂದದ ಮುಖ್ಯ ಅಂಶಗಳನ್ನು ಗ್ರಾಹಕರಿಗೆ ವಿವರಿಸಿಯೇ ಸಹಿ ಪಡೆಯಬೇಕೆಂಬ ನಿಯಮ ಅಲ್ಲಿದೆ. ದುಭಾಷಿಯನ್ನು ಫೋನಿನಲ್ಲಿ ಕೂರಿಸಿಕೊಂಡು ಹುಡುಗ ಅಷ್ಟನ್ನೂ ಓದಿದ, ಸತ್ಯನಾರಾಯಣ ಕಥೆಯ ಹಾಗೆ. ಅವಳು ಅಷ್ಟನ್ನೂ ಕೇಳಿದಳು. ನಡುವೆ ಎದ್ದುಹೋದರೆ ಪ್ರಸಾದ ಸಿಗುವುದಿಲ್ಲ ಎಂದು ಬಾಲ್ಯದಲ್ಲೇ ಕಲಿತವಳು.

ಅವಳು ಆರಿಸಿದ್ದು ಮೂರು ಹಳೆಯ ಕಂಪನಿಗಳಲ್ಲೊಂದನ್ನು. ರಕುಟೆನ್‌ಗಿಂತ ದುಬಾರಿಯೇ. ರಕುಟೆನ್‌ನಲ್ಲಿ ಆಗ 3 ಜಿಬಿಗೆ 1,078 ಯೆನ್, ಎಷ್ಟು ಬಳಸಿದರೂ 3,278. ಆದರೆ ಗೋಡೆ ದಾಟಿ ಕಟ್ಟಡದ ಒಳಗೆ ಚೆನ್ನಾಗಿ ನುಗ್ಗುವ ಕೆಳ ತರಂಗಾಂತರ ಆ ಕಂಪನಿಗೆ ಹಂಚಿಕೆಯಾದದ್ದು 2023ರ ಅಕ್ಟೋಬರ್‌ನಲ್ಲಿ. ಇವಳು ಕೊಳ್ಳುವ ಹೊತ್ತಿಗೆ ಇರಲಿಲ್ಲ. ಅವರ ಮನೆ ದಪ್ಪ ಕಾಂಕ್ರೀಟಿನದು. ಗಂಡ ಆಮೇಲೆ ತನ್ನ ಖಾಸಗಿ ಬಳಕೆಗೆ ರಕುಟೆನ್ ತೆಗೆದುಕೊಂಡ; ಅಷ್ಟು ಹೊತ್ತಿಗೆ ಅವನ ಕುರಿಶುನಾನೂ ಎಲ್ಲ ಕಡೆ ಒಂದೇ ಆಗಿದ್ದ. ಇಬ್ಬರೂ ಬೇರೆ ಬೇರೆ ಜಾಲದಲ್ಲಿರುವುದೇ ಒಳ್ಳೆಯದೆಂದು ಪಕ್ಕದ ತಮಿಳು ಮನೆಯವರು ಹೇಳಿದ್ದರು. 2022ರ ಜುಲೈ 2ರಿಂದ ಮೂರು ದಿನಕ್ಕೂ ಹೆಚ್ಚು ಎಯು ಜಾಲ ಕುಸಿದು ಕೋಟಿಗಟ್ಟಲೆ ಸಂಪರ್ಕಗಳಿಗೆ ತೊಂದರೆಯಾದದ್ದನ್ನು ಅವರು ಕಂಡಿದ್ದರು. ರಕುಟೆನ್ ತನ್ನ ಗೋಪುರವಿಲ್ಲದ ಕಡೆ ಎಯು ಜಾಲವನ್ನೇ ಆಶ್ರಯಿಸುತ್ತಿತ್ತಾದ್ದರಿಂದ, ಅವಳು ಎಯು ಬಿಟ್ಟು ಉಳಿದೆರಡರಲ್ಲಿ ಒಂದನ್ನು ಹಿಡಿದಳು. ಇಷ್ಟು ಸೂಕ್ಷ್ಮ ನೋಟ್‌ಬುಕ್ಕಿನವನಿಗೆ ಹೊಳೆದಿರಲಿಲ್ಲ.

ಹೊಸ ನಂಬರು ಸೊನ್ನೆಯೂ ಸೇರಿ ಹನ್ನೊಂದು ಅಂಕಿ, 070ರಿಂದ ಶುರು. ಶಿಶುವಿಹಾರದ ಫಾರಂನಲ್ಲಿ ಗಂಡನ ಆಫೀಸಿನ ನಂಬರು ಎರಡನೆಯ ಸಾಲಿಗೆ ಇಳಿಯಿತು. ಅಂದು ಸಂಜೆಯೇ ಅವಳು ಅತ್ತೆಗೆ ನಂಬರು ಬರೆಸಿದಳು. ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳುತ್ತ ಆಕೆಗೆ ದಾರಿ ತಪ್ಪಿತು. ಮೊದಲು ಎರಡು ಸೊನ್ನೆ, ಆಮೇಲೆ 81, ಆಮೇಲೆ 070ರ ಸೊನ್ನೆ ಬಿಟ್ಟು 70.

“ಅದ್ಯಾಕೆ ಬಿಡೋದು? ಇರೋ ಸೊನ್ನೆ ಬಿಟ್ರೆ ನಂಬರು ತಪ್ಪಾಗಲ್ವನೆ?”

“ಅದು ಈ ಊರಿನೊಳಗೆ ಮಾತ್ರ ಅತ್ತೆ. ಹೊರಗಿನಿಂದ ಬಂದ್ರೆ ಬೇಡ.”

ಆಕೆ ಸೊನ್ನೆಯನ್ನು ಹೊಡೆದು ಹಾಕಲಿಲ್ಲ, ಸುತ್ತ ಒಂದು ಗೆರೆ ಎಳೆದಿಟ್ಟರು. ಇನ್ನು, ಮಗನ ಹಳೆಯ ಇಂಡಿಯಾ ನಂಬರಿನ ಗತಿ ಏನೆಂದು ವಿಚಾರಿಸಿದರು. ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಅದನ್ನು ಕಡಿದು ಬೇರೆ ಯಾರಿಗಾದರೂ ಕೊಟ್ಟುಬಿಡಬಹುದು. ಹಾಗಾಗಿ ಅದಕ್ಕೆ ತಪ್ಪದೆ ರೀಚಾರ್ಜ್ ಮಾಡುವ ಕೆಲಸ ತೀರ್ಥಹಳ್ಳಿಯ ಪೇಟೆಯ ಅಂಗಡಿಯ ಮೂಲಕ ಅಮ್ಮನ ಪಾಲಿಗೆ ಬಂತು. ಎಷ್ಟು ತಿಂಗಳಿನದು ಹಾಕಿಸಲಿ ಎಂದು ಆಕೆ ಕೇಳಿದಾಗ ಗಂಡ ಹೆಂಡತಿ ಇಬ್ಬರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ಅವನೇ, “ಒಂದು ವರ್ಷದ್ದು ಹಾಕ್ಸಮ್ಮ, ಸದ್ಯಕ್ಕೆ” ಎಂದ.