ಎರಡು ಲಿಪಿ, ಒಂದೇ ಬೆರಳು

ಹೊಸ ಲ್ಯಾಪ್‌ಟಾಪ್ ತೆರೆದ ಕೂಡಲೇ ಅದು ನಿಮ್ಮ ಭಾಷೆ ಯಾವುದೆಂದು ಕೇಳುತ್ತದೆ. ಕಾಸರಗೋಡಿನವರು ಒಂದೇ ಉತ್ತರ ಕೊಡುವುದು ಹೇಗೆ? ಮನೆಯಲ್ಲಿ ಕನ್ನಡವೋ ತುಳುವೋ, ಪೇಟೆಯಲ್ಲಿ ಮಲಯಾಳ. ಮಕ್ಕಳ ಪಾಠಪುಸ್ತಕ ಕನ್ನಡದ್ದು, ಪಂಚಾಯತಿನಿಂದ ಬರುವ ಕಾಗದ ಮಲಯಾಳದ್ದು. ಆದ್ದರಿಂದ ಕಂಪ್ಯೂಟರ್ ಕಲಿಯುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟು: ಬರೆಯುವ ಎಡಿಟರನ್ನು ನಿಮ್ಮ ಬದುಕಿಗೆ ಹೊಂದುವಂತೆ ನೀವೇ ಸಜ್ಜು ಮಾಡಿಕೊಳ್ಳಿ.

ನನ್ನದು ಈಮ್ಯಾಕ್ಸ್. ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಹೊರತಂದ ಈ ಮುಕ್ತ ತಂತ್ರಾಂಶದೊಳಗೆ ಈಗ ಕನ್ನಡ, ಮಲಯಾಳ ಎರಡರ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸವೂ ಇದೆ. ತೆರೆದಾಗಲೆಲ್ಲ ಅದು ಮೊದಲು ಓದಿಕೊಳ್ಳುವ ಇನಿಟ್ ಫೈಲಿನಲ್ಲಿ ನಾಲ್ಕಾರು ಸಾಲು ಬರೆದಿಟ್ಟಿದ್ದೇನೆ. ಎಫ್ 7 ಒತ್ತಿದರೆ ಕನ್ನಡ, ಎಫ್ 8 ಒತ್ತಿದರೆ ಮಲಯಾಳ. ಕನ್ನಡಕ್ಕೆ ನೋಟೊ ಫಾಂಟ್, ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಮಂಜರಿ. ತುಳು ಲಿಪಿಗೂ 2024ರಲ್ಲಿ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದೆ. ಎಫ್ 9 ಅನ್ನು ಅದಕ್ಕೆಂದು ಖಾಲಿ ಬಿಟ್ಟಿದ್ದೇನೆ.

ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವುದು ಸುಲಭ, ನಿಜ. ಆದರೂ ಗಡಿನಾಡಿಗೆ ಇನ್‌ಸ್ಕ್ರಿಪ್ಟೇ ಸರಿ. ಅದರಲ್ಲಿ ಲಿಪಿ ಬದಲಾದರೂ ಉಚ್ಚಾರದ ಕೀಲಿ ಬದಲಾಗುವುದಿಲ್ಲ. ಕನ್ನಡದಲ್ಲಿ ‘ಮರ’ ಎಂದು ಬರೆಯಲು ಸಿ, ಜೆ ಕೀಲಿಗಳು. ಮಲಯಾಳದ ‘ಮರಂ’ ಬೇಕಾದರೆ ಅವೆರಡನ್ನೇ ಒತ್ತಿ, ಕೊನೆಗೆ ಸೊನ್ನೆಗಾಗಿ ಎಕ್ಸ್. ಕನ್ನಡಕ್ಕೆ ಪಳಗಿದ ಬೆರಳು ಮಲಯಾಳಕ್ಕೂ ಪಳಗಿರುತ್ತದೆ.

ಪ್ರೋಗ್ರಾಮ್ ಬರೆಯುವಾಗ ಈ ನೆರೆತನ ಇನ್ನೂ ಹತ್ತಿರದ್ದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರ ವರೆಗೆ. 3328ಕ್ಕೆ ಮಲಯಾಳದ ಅಂಗಳ ಶುರು. ಊರಿನ ವಾಚನಾಲಯದ ಪುಸ್ತಕಗಳನ್ನು ಲೇಖಕರ ಹೆಸರಿನಂತೆ ಅಕಾರಾದಿಯಾಗಿ ಜೋಡಿಸಲು ಪೈಥಾನ್‌ಗೆ ಹೇಳಿದರೆ, ಅದು ಕನ್ನಡದ ಹೆಸರುಗಳನ್ನೆಲ್ಲ ಮುಗಿಸಿಯೇ ಮಲಯಾಳಕ್ಕೆ ಕೈಹಾಕುತ್ತದೆ. ನಮ್ಮ ಕಪಾಟಿಗೆ ಈ ಪಂಕ್ತಿಭೇದ ಬೇಡ. ಮಲಯಾಳದ ‘ಕ’ದ ಸಂಖ್ಯೆಯಿಂದ 128 ಕಳೆದರೆ ಸಿಗುವುದು ಕನ್ನಡದ ‘ಕ’; ಹೆಚ್ಚಿನ ಅಕ್ಷರಗಳಿಗೂ ಇದೇ ಲೆಕ್ಕ. ಸ್ವರ ಸೇರದ ವ್ಯಂಜನಗಳಾದ ಮಲಯಾಳದ ಚಿಲ್ಲಕ್ಷರಗಳಂಥ ಕೆಲವಕ್ಕೆ ಮಾತ್ರ ಬೇರೆ ಏರ್ಪಾಡು ಮಾಡಬೇಕು. ಈ ಒಂದು ಕಳೆಯುವ ಲೆಕ್ಕವನ್ನು ಪ್ರೋಗ್ರಾಮಿಗೆ ಸೇರಿಸಿದರೆ ಪಟ್ಟಿಯಲ್ಲಿ ಮಲಯಾಳದ ಬಷೀರರೂ ಕನ್ನಡದ ಬೇಂದ್ರೆಯವರೂ ‘ಬ’ಕಾರದಡಿ ಒಟ್ಟಿಗೆ ಬರುತ್ತಾರೆ. ಅದನ್ನು ಮೊದಲ ಸಲ ಪರದೆಯಲ್ಲಿ ಕಂಡಾಗ ನನಗಾದ ಸಂತೋಷ ಸಣ್ಣದಲ್ಲ.

ಇದನ್ನೆಲ್ಲ ಯಾವ ಕಂಪನಿಯೂ ನಮಗಾಗಿ ಮಾಡಿ ಕಳಿಸುವುದಿಲ್ಲ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ಹೇಗೂ ಇದೆ, ಖರ್ಚಿನ ಮಾತೇ ಇಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕರಲ್ಲಿ ನನ್ನ ವಿನಂತಿ: ಐಟಿ ತರಗತಿಯಲ್ಲಿ ಇನ್‌ಸ್ಕ್ರಿಪ್ಟನ್ನು ಎರಡೂ ಭಾಷೆಗೆ ಒಟ್ಟಿಗೇ ಕಲಿಸಿ, ಎಡಿಟರಿನ ಇನಿಟ್ ಫೈಲನ್ನು ಮಕ್ಕಳ ಕೈಯಲ್ಲೇ ಬರೆಯಿಸಿ.