ತಾತ, ಹನ್ನೆರಡು ವೋಲ್ಟು ಮತ್ತು ಕುಣಿಗಲ್ ಲೈನು

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಬಹುದಿತ್ತು. ನಿಜ ಏನಪ್ಪಾ ಅಂದ್ರೆ, ನಾಲ್ಕು ತಿಂಗಳಿಂದ ಸಂಜೆಯಾದರೆ ಸಾಕು, ಕ್ಯಾತ್ಸಂದ್ರದ ನಮ್ಮ ಮನೆಯ ಮಹಡಿ ರೂಮಿನಲ್ಲಿ ಕೂತು ರೈಲು ಕಂಬಿ ಹಾಕ್ತಾ ಇದ್ದೆ. ಇಪ್ಪತ್ತೆಂಟು ವರ್ಷದ, ಹೆಣ್ಣು ನೋಡುತ್ತಿರುವ ಮಗ ಆಟದ ರೈಲು ಇಟ್ಕೊಂಡು ಕೂತಿದ್ದಾನೆ ಅಂತ ಅಮ್ಮ ನೆಂಟರ ಹತ್ತಿರ ಹೇಳಿಕೊಳ್ಳೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. "ಏನೋ ಪ್ರಾಜೆಕ್ಟು ಮಾಡ್ತಿದ್ದಾನೆ" ಅಂತಾಳೆ :-)

ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಪ್ಲೈವುಡ್ ಹಲಗೆ. ಅದರ ಎಡತುದಿಯಲ್ಲಿ ಗುಬ್ಬಿ, ನಡುವೆ ತುಮಕೂರು, ಬಲತುದಿಯಲ್ಲಿ ಕುಣಿಗಲ್. ನಮ್ಮ ಕಡೆಯವರಾಗಿದ್ದರೆ ಈಗಾಗಲೇ ನಿಮ್ಮ ಹುಬ್ಬು ಮೇಲೆ ಹೋಗಿರುತ್ತೆ. ತುಮಕೂರಿನಿಂದ ಕುಣಿಗಲ್‌ಗೆ ರೈಲು ಎಲ್ಲಿದೆ? ಇಲ್ಲ. ಗುಬ್ಬಿ, ತುಮಕೂರು ಇರೋದು ಬೆಂಗಳೂರು-ಅರಸೀಕೆರೆ ಲೈನಿನಲ್ಲಿ. ಕುಣಿಗಲ್ ಇರೋದು ಹಾಸನದ ಲೈನಿನಲ್ಲಿ. ಎರಡೂ ಸೇರೋದು ಅಲ್ಲೆಲ್ಲೋ ಚಿಕ್ಕಬಾಣಾವರದಲ್ಲಿ. ಹೆಬ್ಬೂರಿನ ಮೇಲೆ ಬಸ್ಸಿನಲ್ಲಿ ನೆಟ್ಟಗೆ ಹೋಗಿಬಿಡುವ ಊರಿಗೆ ರೈಲಿನಲ್ಲೇ ಹೋಗ್ತೀನಿ ಅಂತ ಹಟ ಹಿಡಿದರೆ, ಬೆಂಗಳೂರಿನ ಬಾಗಿಲು ತಟ್ಟಿ ವಾಪಸ್ ಬರಬೇಕು.

ಮತ್ತೆ ಯಾಕೆ ಈ ಇಲ್ಲದ ಲೈನು ಅಂದರೆ, ಅದಕ್ಕೆ ಕಾರಣ ಅಜ್ಜಿ.

ನಮ್ಮ ತಾತ ರೈಲ್ವೆಯಲ್ಲಿದ್ದವರು. ಆಫೀಸರ್ ಅಲ್ಲ, ಗ್ಯಾಂಗ್‌ಮನ್. ಗುಬ್ಬಿ ಕಡೆ ಮೀಟರ್‌ಗೇಜ್ ಕಾಲದಲ್ಲಿ ಸೇರಿ, ಆಮೇಲೆ ಕೀಮ್ಯಾನ್ ಆದರು. ಬೆಳಗಾಗೆದ್ದು ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್ ಹೊತ್ತು ಕಂಬಿಯ ಜೊತೆ ನಡೆಯೋದು, ಸಡಿಲವಾದ ಕೀಲಿ ಹೊಡೆಯೋದು, ಬೋಲ್ಟು ಬಿಗಿಯೋದು. ಅದೇ ಕೆಲಸ, ವರ್ಷಗಟ್ಟಲೆ. 1992ರಲ್ಲಿ ಯೂನಿಗೇಜ್ ಯೋಜನೆ ಶುರುವಾಗಿ ಆ ದಶಕದಲ್ಲಿ ನಮ್ಮ ಲೈನೂ ಬ್ರಾಡ್‌ಗೇಜ್ ಆಯಿತಲ್ಲ, ಆಗ ತಾವೇ ವರ್ಷಾನುಗಟ್ಟಲೆ ಕಾಪಾಡಿದ ಕಂಬಿಯನ್ನು ತಾವೇ ಕಿತ್ತವರಲ್ಲಿ ತಾತನೂ ಒಬ್ಬರು.

ಅಜ್ಜಿ ಕುಣಿಗಲ್‌ನವಳು. ತವರಿಗೆ ಹೋಗಬೇಕಾದರೆ ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್, ಎರಡು ಬಸ್ಸು. ಬಸ್ಸು ಹತ್ತಿದರೆ ಅವಳಿಗೆ ವಾಂತಿ. "ನಿಮ್ಮ ರೈಲ್ವೆ ಪಾಸು ಕಾಶಿಗೆ ಆಯ್ತದೆ, ನಮ್ಮೂರಿಗೆ ಆಗಾಕಿಲ್ಲ" ಅಂತ ತಾತನನ್ನು ಜೀವನಪೂರ್ತಿ ಹಂಗಿಸಿದಳು. ಅವಳು ಹೋಗಿದ್ದು 2014ರಲ್ಲಿ. ಕುಣಿಗಲ್ ಮೇಲೆ ಹಾಸನಕ್ಕೆ ರೈಲು ಓಡಾಡೋಕೆ ಶುರುವಾಗಿದ್ದು 2017ರ ಮಾರ್ಚಿನಲ್ಲಿ. ತಾತ ಇವತ್ತಿನವರೆಗೂ ಆ ರೈಲು ಹತ್ತಿಲ್ಲ. ಯಾಕೆ ಅಂತ ಯಾರೂ ಕೇಳಿಲ್ಲ.

ಸರಿ, ಕಂಬಿಯ ಕಥೆಗೆ ಬರ್ತೀನಿ. ನಾನು ತಗೊಂಡಿದ್ದು ಎಚ್‌ಓ ಅಳತೆಯ ಹಳಿ. ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಎಂಜಿನ್ ಹೊರದೇಶದ್ದು, ಸೆಕೆಂಡ್ ಹ್ಯಾಂಡು, ಅದರ ಬೆಲೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಈ ಲೆಕ್ಕದಲ್ಲಿ ಗುಬ್ಬಿಯಿಂದ ತುಮಕೂರಿನ ಸುಮಾರು 20 ಕಿಲೋಮೀಟರನ್ನು ಸರಿಯಾಗಿ ಹಾಕಬೇಕು ಅಂದರೆ 230 ಮೀಟರ್ ಹಳಿ ಬೇಕು. ನನ್ನ ಹಲಗೆಯಲ್ಲಿ ಅದು ನಾಲ್ಕು ಗೇಣು.

ಮೊದಲ ದಿನ ತಾತ ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು, ಒಂದು ತುಂಡು ಹಳಿ ಎತ್ತಿ, ಕಣ್ಣ ಹತ್ತಿರ ಹಿಡಿದು, "ಇದು ಯಾವ ಗೇಜ್ಲಾ?" ಅಂದರು. ಹಳಿಗಳ ನಡುವೆ 16.5 ಮಿಲಿಮೀಟರ್. ಗುಣಿಸಿ ನೋಡಿದರೆ 1435 ಮಿಲಿಮೀಟರ್ ಬರುತ್ತೆ, ಅದು ಸ್ಟ್ಯಾಂಡರ್ಡ್ ಗೇಜ್. ನಮ್ಮ ಬ್ರಾಡ್‌ಗೇಜ್ 1676, ತಾತನ ಮೀಟರ್‌ಗೇಜ್ 1000. ಎರಡೂ ಅಲ್ಲ.

"ಬೆಂಗಳೂರು ಮೆಟ್ರೋ ಗೇಜು ತಾತ."

"ಅಂಗಾರೆ ಗುಬ್ಬೀಗ್ ಯಾಕ್ ಬಂತು?" ಅಂದುಬಿಟ್ಟು ಕುರ್ಚಿ ಎಳ್ಕೊಂಡು ಕೂತರು. ಅವತ್ತಿನಿಂದ ನಾನು ಗ್ಯಾಂಗ್‌ಮನ್, ಅವರು ಮೇಸ್ತ್ರಿ.

ಅಂದ ಹಾಗೆ, ಗುಬ್ಬಿಯನ್ನು ತುದಿ ಸ್ಟೇಷನ್ ಮಾಡಿದ್ದು ಜಾಗ ಇಲ್ಲ ಅಂತ ಮಾತ್ರ ಅಲ್ಲ. 1884ರಲ್ಲಿ ಮೈಸೂರು ಸಂಸ್ಥಾನ ಹಾಕಿಸಿದ ಲೈನು ಬೆಂಗಳೂರಿನಿಂದ ತುಮಕೂರು ದಾಟಿ ಗುಬ್ಬಿಗೆ ಬಂದು ನಿಂತಿತ್ತು. ಅಲ್ಲಿಂದ ಹರಿಹರದವರೆಗೆ ಸದರ್ನ್ ಮರಾಠಾ ಕಂಪನಿಯವರು ಮುಂದುವರಿಸಿದ್ದು 1889ರ ಹೊತ್ತಿಗೆ. ಅಂದರೆ ಕೆಲವು ವರ್ಷ ಗುಬ್ಬಿಯೇ ಕೊನೆ ಸ್ಟೇಷನ್. ಗುಬ್ಬಿಯ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ. ರೈಲಿಗೂ ನಾಟಕಕ್ಕೂ ಏನು ಸಂಬಂಧ ಇತ್ತೋ ಗೊತ್ತಿಲ್ಲ, ಆದರೆ ಈ ಇಸವಿ ನೋಡಿದಾಗ ನನಗೆ ಸಕತ್ ಖುಷಿಯಾಗಿತ್ತು.

ಹಳಿ ಹಾಕೋದು ಸುಲಭ ಅಂದ್ಕೊಂಡಿದ್ದೆ. ತುಂಡಿಗೆ ತುಂಡು ಸಿಕ್ಕಿಸಿ, ಕೆಳಗೆ ಕಾರ್ಕ್ ಹಾಳೆ ಅಂಟಿಸಿ, ಸಣ್ಣ ಮೊಳೆ ಹೊಡೆದರೆ ಮುಗೀತು ಅಂತ. ತಾತನ ಕಣ್ಣು ಈಗ ಅಷ್ಟಕ್ಕಷ್ಟೆ. ಎರಡು ಬೆರಳನ್ನು ಎರಡು ಹಳಿಗಳ ಮೇಲಿಟ್ಟು, ಗುಬ್ಬಿಯಿಂದ ಹೊರಟು ಮೆಲ್ಲಗೆ ಜಾರಿಸ್ಕೊಂಡು ಬಂದರು. ಮೂರು ಕಡೆ ಬೆರಳು ನಿಂತಿತು. "ಇಲ್ಲಿ ಕುಂಟ್ತದೆ. ಇಲ್ಲಿ ಒಂದು ಕಂಬಿ ಇಳಿದೈತೆ. ಇಲ್ಲಿ ಬೀಳ್ತದೆ." ನಾನು ನಂಬಲಿಲ್ಲ. ಎಂಜಿನ್ ಬಿಟ್ಟು ನೋಡಿದರೆ, ಅವರು ಹೇಳಿದ ಮೊದಲ ಎರಡು ಕಡೆ ಕುಂಟಿತು, ಮೂರನೇ ಕಡೆ ಬಿತ್ತು.

ಸಂದುಗಳ ಬಗ್ಗೆಯೂ ಪಾಠ ಆಯ್ತು. ನಾನು ಎಲ್ಲವನ್ನೂ ಒತ್ತಿ ಒತ್ತಿ ಕೂರಿಸಿದ್ದೆ. "ಬ್ಯಾಸಿಗೇಲಿ ಎಲ್ಲಿಗ್ಲಾ ಓಗ್ತದೆ ಕಂಬಿ?" ಅಂದರು. ಲೆಕ್ಕ ಹಾಕಿದೆ: 12 ಮೀಟರಿನ ಉಕ್ಕಿನ ಕಂಬಿ 30 ಡಿಗ್ರಿ ಬಿಸಿ ಏರಿದರೆ ಸುಮಾರು 4 ಮಿಲಿಮೀಟರ್ ಹಿಗ್ಗುತ್ತೆ. ಜಾಗ ಬಿಡದಿದ್ದರೆ ಹಾವಿನ ಥರ ಪಕ್ಕಕ್ಕೆ ಸೊಟ್ಟಗಾಗುತ್ತೆ. ನನ್ನ ಎಂಟಡಿ ಹಲಗೆಯಲ್ಲಿ ಹಳಿಗಿಂತ ಮರದ್ದೇ ಚೇಷ್ಟೆ ಜಾಸ್ತಿ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತೆ. ಅಂತೂ ಅಲ್ಲಲ್ಲಿ ಒಂದು ಕಾಗದ ಹೋಗುವಷ್ಟು ಸಂದು ಬಿಟ್ಟೆ.

ಆದರೆ ಸಂದು ಬಿಟ್ಟ ಮೇಲೆ ಹೊಸ ತಲೆನೋವು. ಈ ಆಟದ ರೈಲಿಗೆ ಕರೆಂಟು ಹೋಗೋದೇ ಹಳಿಯ ಮೂಲಕ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್, ಒಟ್ಟು ಹನ್ನೆರಡು ವೋಲ್ಟ್ ಡಿಸಿ. ಚಕ್ರಗಳು ಕರೆಂಟು ಹೀರಿ ಮೋಟರಿಗೆ ಕೊಡುತ್ತವೆ. ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ. ಹಳಿಯ ಲೋಹಕ್ಕೆ ನಿಕಲ್ ಸಿಲ್ವರ್ ಅಂತ ಹೆಸರು, ಒಳಗೆ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕಲ್, ಸತು ಅಷ್ಟೆ. ತಾಮ್ರದ ತಂತಿಗಿಂತ ಹತ್ತಕ್ಕೂ ಹೆಚ್ಚು ಪಟ್ಟು ಕರೆಂಟನ್ನು ತಡೆಯುತ್ತೆ. ಅದರ ಮೇಲೆ ಪ್ರತಿ ಜಾಯಿಂಟಿನಲ್ಲೂ ಸಡಿಲ. ಗುಬ್ಬಿಯಲ್ಲಿ ಕುದುರೆಯ ಥರ ಹೊರಟ ಎಂಜಿನ್ನು ತುಮಕೂರು ಬರೋಷ್ಟರಲ್ಲಿ ಎತ್ತಿನ ಗಾಡಿ. ಇದಕ್ಕೆ ಪರಿಹಾರ ಗೊತ್ತಿರೋದೇ: ಹಲಗೆಯ ಕೆಳಗೆ ಉದ್ದಕ್ಕೂ ಎರಡು ದಪ್ಪ ವೈರು, ಕೆಂಪು ಒಂದು ಕಪ್ಪು ಒಂದು, ಮನೆ ವೈರಿಂಗಿಗೆ ಹಾಕುವ ಒಂದೂವರೆ ಎಂಎಂ ವೈರೇ ಸಾಕು. ಅದರಿಂದ ಎರಡಡಿಗೊಂದು ಸಣ್ಣ ವೈರು ತೆಗೆದು, ಹಲಗೆಗೆ ತೂತು ಕೊರೆದು ಮೇಲೆ ತಂದು, ಹಳಿಗೆ ಬೆಸುಗೆ ಹಾಕಬೇಕು. ಬೆಸುಗೆ ಕಡ್ಡಿ ಎರಡು ಕ್ಷಣ ಜಾಸ್ತಿ ಇಟ್ಟರೆ ಪ್ಲಾಸ್ಟಿಕ್ ಸ್ಲೀಪರು ಕರಗಿ ತುಪ್ಪ. ನಾನು ಎಷ್ಟು ಸ್ಲೀಪರ್ ಕರಗಿಸಿದೆ ಅನ್ನೋದನ್ನು ಬರೆಯೋದಿಲ್ಲ.

ಇಷ್ಟೆಲ್ಲ ಆಗಿ ಕೊನೆಗೆ ಉಳಿದಿದ್ದು ಕುಣಿಗಲ್. ಅಲ್ಲಿಗೆ ಹೋದ ರೈಲು ತಿರುಗಿ ಬರಬೇಕಲ್ಲ? ಹಲಗೆಯ ಬಲಭಾಗದಲ್ಲಿ ಒಂದು ದೊಡ್ಡ ಸುತ್ತು ಹಾಕಿದೆ. ರೈಲು ಪಾಯಿಂಟ್ಸ್ ದಾಟಿ ಒಳಗೆ ಹೋಗಿ, ಕೆರೆ ಸುತ್ತಿದ ಹಾಗೆ ಸುತ್ತಿ, ಅದೇ ಪಾಯಿಂಟ್ಸಿಗೆ ಬಂದು ತುಮಕೂರಿನ ದಾರಿ ಹಿಡಿಯುತ್ತೆ. ಕುಣಿಗಲ್ ಸ್ಟೇಷನ್ನು ಆ ಸುತ್ತಿನ ನಡುವೆ. ಕೊನೆಯ ತುಂಡು ಹಳಿ ಸಿಕ್ಕಿಸಿ ಸ್ವಿಚ್ ಹಾಕಿದೆ. ಎಂಜಿನ್ ಅಲ್ಲಾಡಲಿಲ್ಲ. ಅಡಾಪ್ಟರ್ ಮಾತ್ರ ಟಿಕ್, ಟಿಕ್, ಟಿಕ್. ಶಾರ್ಟ್!

ಮೂರು ರಾತ್ರಿ ಸ್ವಾಮಿ. ಎಲೆಕ್ಟ್ರಾನಿಕ್ಸ್ ಓದಿದವನು ನಾನು. ಮಲ್ಟಿಮೀಟರ್ ಹಿಡಿದು ಹಲಗೆಯ ಕೆಳಗೆ ಅಂಗಾತ ಮಲಗಿ ಒಂದೊಂದೇ ಬೆಸುಗೆ ಬಿಚ್ಚಿದೆ, ಹಾಕಿದೆ. ಎಲ್ಲಿಟ್ಟರೂ ಬೀಪ್ ಅನ್ನುತ್ತೆ. ಕೋಡಿನಲ್ಲಿ ಬಗ್ ಸಿಗದಿದ್ದಾಗ ಮಾಡುವ ಹಾಗೆ, ಸರಿಯಿದ್ದದ್ದನ್ನೂ ಬದಲಾಯಿಸೋಕೆ ಶುರುಮಾಡಿದೆ. ಎರಡನೇ ರಾತ್ರಿ ಬೇಜಾರಾಗಿ, ಕುಣಿಗಲ್ ತೆಗೆದುಬಿಡೋಣ, ಬರೀ ಗುಬ್ಬಿ-ತುಮಕೂರು ಇರಲಿ, ಹೇಗಿದ್ರೂ ಅದು ಇಲ್ಲದ ಲೈನು ತಾನೇ ಅಂದೆ. ತಾತ ಏನೂ ಹೇಳಲಿಲ್ಲ. ಎದ್ದು ಕೆಳಗೆ ಹೋದರು. ಮಾರನೇ ದಿನ ಮೇಲೆ ಬರಲೇ ಇಲ್ಲ.

ಮೂರನೇ ರಾತ್ರಿ ಊಟ ಮಾಡುವಾಗ ಅವರಾಗೇ ಕೇಳಿದರು. "ಏನಾಗೈತೆ ಅದುಕ್ಕೆ?"

ಒಂದು ಹಳಿಯ ಕರೆಂಟು ಇನ್ನೊಂದಕ್ಕೆ ತಗುಲ್ತಾ ಇದೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ ಅಂದೆ.

"ಟೇಸನ್ ಅತ್ರ ಸಿಗ್ನಲ್‌ನೋರು ಕಂಬೀಗೆ ಕರೆಂಟ್ ಬುಡ್ತಾರಲ್ಲ. ಅಲ್ಲಿ ಸಂದಿನಾಗೆ ಫೈಬರ್ ಇಕ್ಕಿ ಫಿಶ್‌ಪ್ಲೇಟ್ ಕಟ್ತಿದ್ವಿ. ಈ ಕಂಬಿ ಕರೆಂಟು ಮುಂದಿನ ಕಂಬೀಗೆ ಓಗ್ಬಾರ್ದು ಅಂತ. ನೀನು ಎಲ್ಲಾನೂ ಒಂದೇ ಮಾಡ್ಬುಟ್ಟಿದ್ದೀಯ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಲಂಗದ ಲಾಡಿ ನೆನಪಿಸ್ಕೊಳ್ಳಿ. ಅದರ ಒಂದು ಅಂಚು ಕೆಂಪು, ಒಂದು ಅಂಚು ಹಸಿರು ಅಂದ್ಕೊಳ್ಳಿ. ನೆಲದ ಮೇಲೆ ಹಾಸಿ, ಸುತ್ತಿ ತಂದು ಅದಕ್ಕೇ ಸೇರಿಸಿದರೆ, ಕೆಂಪು ಅಂಚು ಹೋಗಿ ಹಸಿರು ಅಂಚಿಗೆ ತಾಗುತ್ತೆ. ನನ್ನ ಕುಣಿಗಲ್ ಸುತ್ತಿನಲ್ಲಿ ಆಗ್ತಾ ಇದ್ದಿದ್ದೂ ಅದೇ. ಬೆಸುಗೆ ಯಾವುದೂ ತಪ್ಪಿರಲಿಲ್ಲ. ಆ ಆಕಾರವೇ ಶಾರ್ಟ್ ಸರ್ಕ್ಯೂಟ್!

ಇಲ್ಲಿ ಒಂದು ತಮಾಷೆ ನೋಡಿ. ನಿಜವಾದ ಹಳಿಯಲ್ಲಿ ರೈಲಿನ ಅಚ್ಚು ಎರಡು ಕಂಬಿಗಳನ್ನು ಶಾರ್ಟ್ ಮಾಡಲಿ ಅಂತಲೇ ಆ ಸಣ್ಣ ಕರೆಂಟು ಬಿಟ್ಟಿರ್ತಾರೆ. ಶಾರ್ಟ್ ಆದ ಕೂಡಲೇ ಅಲ್ಲಿ ರೈಲಿದೆ ಅಂತ ಗೊತ್ತಾಗಿ ಹಿಂದಿನ ಸಿಗ್ನಲ್ ಕೆಂಪಾಗುತ್ತೆ. ನನ್ನ ಹಲಗೆಯ ಮೇಲೆ ಶಾರ್ಟ್ ಅಂದರೆ ರೈಲು ಸತ್ತ ಹಾಗೆ. ತಾತನ ಲೈನಿನಲ್ಲಿ ಶಾರ್ಟ್ ಅಂದರೆ ಹಿಂದಿನ ರೈಲಿನವರು ಬದುಕಿದ ಹಾಗೆ.

ಕೈ ತೊಳೆದು ಮೇಲೆ ಹೋದವನೇ ಸುತ್ತಿನ ಎರಡೂ ಬಾಯಲ್ಲಿ ಹಳಿಗಳನ್ನು ಸಣ್ಣ ಗರಗಸದಿಂದ ಕೊಯ್ದೆ. ಒಟ್ಟು ನಾಲ್ಕು ಕಡೆ. ಸಂದಿಗೆ ಪ್ಲಾಸ್ಟಿಕ್ ತುಂಡು ಅಂಟಿಸಿದೆ. ಈಗ ಕುಣಿಗಲ್ ಬೇರೆ, ತುಮಕೂರು ಬೇರೆ. ಎರಡಕ್ಕೂ ಬೇರೆ ಬೇರೆ ವೈರು. ತುಮಕೂರಿನ ಕಡೆಯ ವೈರನ್ನು ಒಂದು ಆರು ಕಾಲಿನ ಟಾಗಲ್ ಸ್ವಿಚ್ಚಿನ ಮೂಲಕ ತಂದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಿಂದೆ ಯಾವಾಗಲೋ ತಂದಿಟ್ಟಿದ್ದು. ಅದರ ತುದಿಯ ನಾಲ್ಕು ಕಾಲಿಗೆ ಎರಡು ವೈರನ್ನು ಅಡ್ಡಡ್ಡ ಕಟ್ಟಿದರೆ, ಸ್ವಿಚ್ ಒತ್ತಿದಾಗ ಪ್ಲಸ್ ಮೈನಸ್ ಅದಲುಬದಲು. ರೈಲು ಪೂರ್ತಿ ಸುತ್ತಿನೊಳಗೆ ಬರಬೇಕು, ಪಾಯಿಂಟ್ಸನ್ನು ಆಚೆ ಬದಿಗೆ ತಿರುಗಿಸಬೇಕು, ತುಮಕೂರಿನ ಕಡೆ ಅದಲುಬದಲು ಮಾಡಬೇಕು, ಆಮೇಲೆ ಹೊರಡಬೇಕು. ಇದನ್ನೆಲ್ಲ ಆರ್ಡುಯಿನೋ ಹಾಕಿ ತಾನಾಗೇ ಆಗೋ ಹಾಗೆ ಮಾಡಬಹುದು. ಕೋಡ್ ಕೂಡ ಬರೆದಿದ್ದೆ. ಹಾಕಲಿಲ್ಲ. ಸ್ವಿಚ್ಚನ್ನು ಉದ್ದನೆಯ ವೈರಿನಲ್ಲಿ ಎಳೆದು ತಾತನ ಕುರ್ಚಿಯ ಕೈಗೆ ಕಟ್ಟಿದೆ.

ಮೊನ್ನೆ ಭಾನುವಾರ ಸಂಜೆ ಗುಬ್ಬಿಯಿಂದ ರೈಲು ಬಿಟ್ಟೆ. ಒಂದು ಎಂಜಿನ್, ಎರಡು ಬೋಗಿ. ತುಮಕೂರು ದಾಟಿತು, ಪಾಯಿಂಟ್ಸ್ ಮೇಲೆ ಸ್ವಲ್ಪ ತಡವರಿಸಿತು, ಸುತ್ತಿನೊಳಗೆ ಹೋಯಿತು. ನಾನು ರೆಗ್ಯುಲೇಟರ್ ತಿರುಗಿಸಿ ಕುಣಿಗಲ್‌ನಲ್ಲಿ ನಿಲ್ಲಿಸಿದೆ. ಸ್ಟೇಷನ್ ಅಂದರೆ ಸದ್ಯಕ್ಕೆ ಒಂದು ಬೆಂಕಿಪೊಟ್ಟಣ.

"ತಾತ, ಸ್ವಿಚ್ಚು."

"ಇರ್ಲಾ," ಅಂದರು. "ಇಳಿಯೋರು ಇಳೀಲಿ."

ನಿಲ್ಲಿಸಿಕೊಂಡೇ ಇದ್ದರು. ಒಂದು ನಿಮಿಷ ಆಗಿರಬಹುದು, ಜಾಸ್ತಿಯೂ ಆಗಿರಬಹುದು. ನಾನು ಪಾಯಿಂಟ್ಸ್ ನೋಡೋ ನೆಪದಲ್ಲಿ ಬಗ್ಗಿಕೊಂಡೇ ಇದ್ದೆ. ಆಮೇಲೆ ಟಕ್ ಅಂತ ಸ್ವಿಚ್ ಬಿದ್ದ ಸದ್ದು ಕೇಳಿಸಿತು.

ಜಲ್ಲಿ ಇನ್ನೂ ಹಾಕಿಲ್ಲ. ನಾನು ತಂದ ಸಣ್ಣ ಕಲ್ಲಿನ ಪುಡಿ ತಾತನಿಗೆ ಹಿಡಿಸಿಲ್ಲ, ಒಂದೇ ಸಮ ಇಲ್ಲವಂತೆ. ಫೆವಿಕಾಲಿಗೆ ಅರ್ಧಕ್ಕರ್ಧ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ ಬಾಟಲಿಯಲ್ಲಿಟ್ಟು ಕಾಯ್ತಾ ಇದ್ದೀನಿ. ಇವತ್ತು ಬೆಳಗ್ಗೆಯಿಂದ ಅಮ್ಮ ಅಡುಗೆಮನೆಯಲ್ಲಿ ರವೆ ಜರಡಿ ಹುಡುಕ್ತಾ ಇದ್ದಾಳೆ. ಅದು ಮಹಡಿ ಮೇಲಿದೆ.